ಅತ್ತೆಯ ಅಳತೆಗೆ ಒಂದು ಬಚ್ಚಲುಮನೆ

ಸ್ನಾನಕ್ಕೂ ಶೌಚಕ್ಕೂ ಒಂದೇ ಆಗಿದ್ದ ಆ ಮನೆಯ ಬಚ್ಚಲಿನಲ್ಲಿ ನೀರು ಹೋಗಬೇಕಾದ ಕಡೆ ಹೋಗುತ್ತಿರಲಿಲ್ಲ. ಜಾಲರಿ ಒಂದು ಮೂಲೆಯಲ್ಲಿ, ನೀರು ಇನ್ನೊಂದು ಮೂಲೆಯಲ್ಲಿ. ಸ್ನಾನ ಮುಗಿಸಿದವರು ಪೊರಕೆ ಹಿಡಿದು ನೀರನ್ನು ಜಾಲರಿಯವರೆಗೆ ಅಟ್ಟಿಕೊಂಡು ಹೋಗಬೇಕು. ಅಟ್ಟಿ ಹಿಂದೆ ತಿರುಗುವಷ್ಟರಲ್ಲಿ ಅರ್ಧ ನೀರು ವಾಪಸು ಬಂದಿರುತ್ತಿತ್ತು. ನೆಲದ ಟೈಲ್ಸ್ ಬಿಲ್ಲೆಗಳಲ್ಲಿ ಬಿರುಕು, ಬಿರುಕಿನಲ್ಲಿ ಪಾಚಿ. ಬಾಗಿಲಿನ ಬುಡ ನೀರು ಕುಡಿದು ಉಬ್ಬಿ, ಒಳಗೆ ತಳ್ಳಿದಾಗಲೆಲ್ಲ ನೆಲಕ್ಕೆ ಉಜ್ಜಿ ಕಿರುಗುಟ್ಟುತ್ತಿತ್ತು.

ಮನೆಯಲ್ಲಿ ಇದ್ದವರು ಮೂವರು. ಸೊಸೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಅವಳ ಗಂಡನಿಗೆ ಅಚ್ಚುಕೂಟದಲ್ಲಿ ಕೆಲಸ. ಅತ್ತೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಿಯಾದವರು. ಬೀದಿಯಲ್ಲಿ ಎಲ್ಲರೂ ಅವರನ್ನು ಕಂಡಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಕುಳ್ಳಗಿನ ಗಟ್ಟಿ ಹೆಂಗಸು. ತರಕಾರಿ ಗಾಡಿಯ ಮುಂದೆ ಜನ ಗುಂಪುಗಟ್ಟಿದರೂ ಈಗಲೂ "ಸ್ವಲ್ಪ ಮುಂದೆ ನಡೀರಿ, ಒಳಗೆ ಜಾಗ ಇದೆ" ಎನ್ನುವವರು.

ಬಚ್ಚಲನ್ನು ಪೂರ್ತಿ ಒಡೆದು ಹೊಸದಾಗಿ ಕಟ್ಟಿಸುವುದು ಎಂದು ಕೊನೆಗೂ ತೀರ್ಮಾನವಾಯಿತು. ಗಂಡ ಬಿಲ್ಲೆಗಳ ಅಂಗಡಿಗೆ ಹೋಗಿ ಬಂದವನು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸತೊಡಗಿದ. ಕನ್ನಡಿಯಂತೆ ಹೊಳೆಯುವ ಕಪ್ಪು ನೆಲ. ಕಪ್ಪು ಗೋಡೆ. ಸ್ನಾನದ ಜಾಗಕ್ಕೆ ಒಂದು ಎತ್ತರದ ಕಟ್ಟೆ, ಅದರ ಸುತ್ತ ಗಾಜು.

"ನೋಡಿದ್ರೆ ದೊಡ್ಡ ಹೋಟೆಲ್ ಥರ ಇರಬೇಕು," ಎಂದ. "ನಮ್ಮನೇಲೂ ಒಂದು ಕೋಣೆಯಾದ್ರೂ ಹೊಳೀಲಿ."

"ಹೊಳೀಲಿ ಬಿಡು," ಎಂದರು ಅತ್ತೆ. "ನಿನ್ನ ಮುಖ ನೆಲದಲ್ಲೇ ನೋಡ್ಕೊಂಡು ತಲೆ ಬಾಚ್ಕೋಬಹುದು."

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಆದರೆ ಅವಳ ಕಣ್ಣು ಅತ್ತೆಯ ಮೊಣಕೈ ಮೇಲಿತ್ತು. ಅಲ್ಲಿ ಪೆಟ್ಟು ಬಿದ್ದು ನೀಲಿಗಟ್ಟಿದ ಗುರುತಿತ್ತು. ಹಳದಿಗೆ ತಿರುಗುತ್ತಿತ್ತು. ಅತ್ತೆ ಸೆರಗನ್ನು ಅದರ ಮೇಲೆ ಎಳೆದುಕೊಂಡರು.

ಅದೊಂದೇ ಅಲ್ಲ. ಕೆಲವು ವಾರಗಳಿಂದ ಸೊಸೆ ಒಂದೊಂದಾಗಿ ಗಮನಿಸುತ್ತಿದ್ದಳು. ಅತ್ತೆ ಸ್ನಾನ ಮುಗಿಸಿ ಬಂದ ಮೇಲೆ ಬಚ್ಚಲಿನ ಗೋಡೆಯ ಮೇಲೆ ಒದ್ದೆ ಅಂಗೈ ಗುರುತು ಕಾಣುತ್ತಿತ್ತು. ಬಾಗಿಲಿನ ಹತ್ತಿರ ಒಂದು, ನಲ್ಲಿಯ ಮೇಲೊಂದು, ಟವೆಲ್ಲು ನೇತುಹಾಕುವ ಕಂಬಿಯ ಪಕ್ಕದಲ್ಲಿ ಒಂದು. ಯಾರೋ ಕತ್ತಲಲ್ಲಿ ತಡವರಿಸಿಕೊಂಡು ನಡೆದಂತೆ. ಆ ಕಂಬಿ ಗೋಡೆಯಿಂದ ಸ್ವಲ್ಪ ಸಡಿಲವಾಗಿ ಮುಂದಕ್ಕೆ ಬಾಗಿತ್ತು. ಮಧ್ಯಾಹ್ನದ ನಂತರ ಅತ್ತೆ ನೀರು ಕುಡಿಯುತ್ತಿರಲಿಲ್ಲ. ಲೋಟ ಕೊಟ್ಟರೆ "ಆಮೇಲೆ" ಎನ್ನುತ್ತಿದ್ದರು. ಆ ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ.

ಒಂದು ದಿನ ಸೊಸೆ ಧೈರ್ಯ ಮಾಡಿ ಕೇಳಿದಳು. "ಅತ್ತೆ, ಬಚ್ಚಲಲ್ಲಿ ಜಾರಿದ್ರಾ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಮೊಣಕೈ ನೋಡಿದೆ."

"ಬಾಗಿಲು ತಾಗಿತ್ತು ಕಣೆ." ಅತ್ತೆಯ ಧ್ವನಿ ಗಡುಸಾಯಿತು. "ಓಡೋ ಬಸ್ಸಲ್ಲಿ ಏನೂ ಹಿಡ್ಕೊಳ್ದೆ ಚಿಲ್ಲರೆ ಎಣಿಸ್ತಿದ್ದವಳು ನಾನು. ಓಡದೇ ಇರೋ ಬಚ್ಚಲಲ್ಲಿ ಬೀಳ್ತೀನಾ? ಹೋಗು, ನಿನ್ನ ಮೆಷಿನ್ ನೋಡ್ಕೊ."

ಸೊಸೆ ಹೋದಳು. ಆದರೆ ಅವತ್ತಿನಿಂದ ಅತ್ತೆ ಬಚ್ಚಲಿಗೆ ಹೋಗಿ ಚಿಲಕ ಹಾಕಿದ ಸದ್ದು ಕೇಳಿದರೆ ಸಾಕು, ಅವಳ ಕಾಲು ಯಂತ್ರದ ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ತಂಬಿಗೆಯ ಸದ್ದು ಬರುವವರೆಗೆ ಕಿವಿ ನೆಟ್ಟು ಕೂರುತ್ತಿದ್ದಳು. ಸದ್ದು ಬಂದರೆ ಹೊಲಿಗೆ ಮುಂದುವರಿಯುತ್ತಿತ್ತು. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ ಹುಚ್ಚು ಎನ್ನುತ್ತಾರೆ.

ಕೊನೆಗೆ ಅವಳು ಬಾಯಿ ಬಿಟ್ಟದ್ದು ನರ್ಸಕ್ಕನ ಹತ್ತಿರ. ಎದುರು ಮನೆಯ ನರ್ಸಕ್ಕನಿಗೆ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಕೆಲಸ. ಅಂಗಿ ಅಳತೆ ಕೊಡಲು ಬಂದಿದ್ದರು. ಸೊಸೆ ಟೇಪು ಹಿಡಿದುಕೊಂಡು ಬಚ್ಚಲಿನ ಕಡೆಗೇ ಕಿವಿಗೊಟ್ಟದ್ದನ್ನು ನೋಡಿ ಅವರೇ ಕೇಳಿದರು. ಸೊಸೆ ಎಲ್ಲವನ್ನೂ ಹೇಳಿದಳು.

ನರ್ಸಕ್ಕ ನಗಲಿಲ್ಲ. "ಬಚ್ಚಲು ತೋರ್ಸು ನಡಿ," ಎಂದರು.

ಒಳಗೆ ಹೋಗಿ ಅವರು ಮೊದಲು ಮಾಡಿದ್ದು ಟವೆಲ್ಲಿನ ಕಂಬಿಯನ್ನು ಎರಡು ಬೆರಳಲ್ಲಿ ಅಲ್ಲಾಡಿಸಿದ್ದು. ಅದು ಲಟಲಟ ಎಂದಿತು. "ನಿಮ್ಮತ್ತೆ ಇದನ್ನ ಹಿಡ್ಕೊಂಡು ಓಡಾಡ್ತಿದ್ದಾರೆ. ಇದು ಒದ್ದೆ ಟವೆಲ್ಲಿನ ಭಾರ ತಡೆಯೋಕೆ ಹಾಕಿದ್ದು. ಮನುಷ್ಯರ ಭಾರ ಬಿದ್ರೆ ಗೋಡೆ ಸಮೇತ ಬರುತ್ತೆ."

ಆಮೇಲೆ ಬಾಗಿಲನ್ನು ಒಳಕ್ಕೆ ತಳ್ಳಿ ನೋಡಿದರು. "ಇದು ಒಳಗೇ ತೆರೆಯುತ್ತಲ್ಲ," ಎಂದು ಅದರ ಬುಡದವರೆಗೆ ಕಣ್ಣಾಡಿಸಿದರು.

ಸಂಜೆ ಗಂಡ ಬಂದ ಮೇಲೆ ನರ್ಸಕ್ಕ ಮತ್ತೆ ಬಂದು ಕೂತರು. "ಹೊಸ ಬಚ್ಚಲು ಕಟ್ಟಿಸ್ತಿದ್ದೀರಂತೆ, ಒಳ್ಳೇದಾಯ್ತು. ಒಡೆಯೋಕೆ ಮುಂಚೆ ಒಂದು ಯೋಚನೆ ಮಾಡಿ. ಅದರೊಳಗೆ ಹೆಚ್ಚು ಕಷ್ಟಪಡೋರು ಯಾರೋ ಅವರನ್ನ ನೆನೆಸ್ಕೊಂಡು ಕಟ್ಟಿಸಿ. ಹೊಳೆಯೋ ಬಿಲ್ಲೆ ಬೇಡ. ಎತ್ತರದ ಕಟ್ಟೆ ಬೇಡ. ಗೋಡೆಗೆ ಹಿಡಿಕಂಬಿ ಹಾಕ್ಸಿ."

ಗಂಡ ಮೊಬೈಲನ್ನು ಮಗುಚಿ ಇಟ್ಟ. "ನರ್ಸಕ್ಕ, ನೀವು ದಿನಾ ಅಲ್ಲೇ ಇದ್ದು ಎಲ್ಲಾ ಕಡೆ ಆಸ್ಪತ್ರೇನೇ ಕಾಣ್ಸುತ್ತೆ ನಿಮಗೆ. ಗೋಡೆ ತುಂಬ ಕಂಬಿ ಹೊಡೆದ್ರೆ ಮನೆ ಥರ ಇರುತ್ತಾ? ನಮ್ಮಮ್ಮ ಗಟ್ಟಿಯಾಗಿದ್ದಾರೆ. ಬೇಕಾದಾಗ ಹಾಕ್ಸಿದ್ರಾಯ್ತು."

"ಬೇಕಾದಾಗ ಅನ್ನೋದು ಮುಂಚೆ ಹೇಳಿ ಬರಲ್ಲಪ್ಪ."

ಒಳಗಿನ ಕೋಣೆಯಿಂದ ಅತ್ತೆಯ ಧ್ವನಿ ಬಂತು. "ಕಂಬಿ ಹಿಡಿಯೋದು ಪ್ರಯಾಣಿಕರು. ನನಗೆ ಬೇಡ."

ಅಲ್ಲಿಗೆ ಮಾತು ನಿಂತಿತು. ಕಪ್ಪು ಬಿಲ್ಲೆಯೇ ಖಾಯಂ ಆಯಿತು. ಅಳತೆ ತೆಗೆಯಲು ಮೇಸ್ತ್ರಿಗೆ ಬರಹೇಳಿದ್ದೂ ಆಯಿತು.

ಮೇಸ್ತ್ರಿ ಬರಬೇಕಿದ್ದ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋಗಿದ್ದ. ಸೊಸೆ ಒಂದು ದಪ್ಪ ಪರದೆಯ ಅಂಚು ಹೊಲಿಯುತ್ತಿದ್ದಳು. ದಪ್ಪ ಬಟ್ಟೆಗೆ ಯಂತ್ರದ ಸದ್ದು ಜೋರು. ಅತ್ತೆ ಬಚ್ಚಲಿಗೆ ಹೋದದ್ದು ಅವಳಿಗೆ ಗೊತ್ತಿತ್ತು, ಆದರೆ ಗಿರಾಕಿ ಅವಸರ ಮಾಡಿದ್ದರಿಂದ ಆವತ್ತು ಕಿವಿ ನೆಡಲು ಪುರುಸೊತ್ತು ಇರಲಿಲ್ಲ. ಅಂಚು ಮುಗಿದು ಯಂತ್ರ ನಿಂತಾಗ, ನೀರು ಸುರಿಯುವ ಸದ್ದು ಕೇಳಿಸಿತು. ನಲ್ಲಿಯಿಂದ ಒಂದೇ ಸಮನೆ. ಬಕೆಟ್ಟು ತುಂಬಿ ಹೊರಚೆಲ್ಲುವ ಸದ್ದು. ತಂಬಿಗೆಯ ಸದ್ದಿಲ್ಲ.

"ಅತ್ತೆ?"

ಉತ್ತರವಿಲ್ಲ.

ಅವಳು ಎದ್ದು ಹೋಗಿ ಬಾಗಿಲು ತಟ್ಟಿದಳು. "ಅತ್ತೆ, ನಲ್ಲಿ ನಿಲ್ಲಿಸ್ಲಿಲ್ವಾ?" ಬಾಗಿಲ ಕೆಳಗಿನ ಸಂದಿಯಿಂದ ನೀರು ಹೊರಗೆ ಹರಿಯುತ್ತಿತ್ತು. ಪಾದಕ್ಕೆ ತಾಗಿತು. ಬೆಚ್ಚಗಿತ್ತು. ಬಿಸಿನೀರಿನ ನಲ್ಲಿ ತೆರೆದೇ ಇದೆ.

ಬಾಗಿಲನ್ನು ದಬ್ಬಿದಳು. ಮೇಲೆ ಚಿಲಕ ತಡೆಯಿತು, ಕೆಳಗೆ ಇನ್ನೇನೋ ತಡೆಯಿತು. ಮೆತ್ತಗಿನದು, ಭಾರದ್ದು. ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆ ತೆಗೆದಳು. ಬಾಗಿಲಿಗೆ ಒರಗಿ ಬಿದ್ದಿರುವುದು ಅತ್ತೆಯೇ ಎಂದು ಕೈಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ.

ಓಡಿಹೋಗಿ ಮೀಟರಿನ ಹತ್ತಿರದ ದೊಡ್ಡ ಸ್ವಿಚ್ಚನ್ನು ಆರಿಸಿದಳು, ನೀರು ಕಾಯಿಸುವ ಯಂತ್ರ ಬಚ್ಚಲೊಳಗೇ ಇತ್ತಲ್ಲ. ಹಿತ್ತಲಿಗೆ ಹೋಗಿ ತೊಟ್ಟಿಯ ಕೊಳವೆಯ ತಿರುಪನ್ನು ತಿರುಗಿಸಿದಳು. ಅದು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಸೆರಗು ಸುತ್ತಿ ಎರಡು ಕೈಯಲ್ಲಿ ತಿರುವಿದಾಗ ಅಂಗೈ ತರಚಿತು. ನೀರು ನಿಂತಿತು. ನೀರು ನಿಂತ ಮೇಲೆ ಆ ಮನೆಯಲ್ಲಿ ಉಂಟಾದ ನಿಶ್ಶಬ್ದ ಇನ್ನೂ ಭಯಂಕರವಾಗಿತ್ತು.

ಹಿತ್ತಲ ಕಡೆಯಿಂದ ಬಚ್ಚಲಿಗೆ ಒಂದು ಗವಾಕ್ಷಿಯಿತ್ತು. ಸ್ಟೂಲು ಹಾಕಿ ಹತ್ತಿ, ಗಾಜಿನ ಪಟ್ಟಿಗಳನ್ನು ಕಿತ್ತು ಕೆಳಗೆ ಹಾಕಿ, ಒಳಗೆ ಇಣುಕಿದಳು. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಓರೆಯಾಗಿ ಬಿದ್ದಿದ್ದರು. ಒಂದು ಕಾಲು ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಕೈಯಲ್ಲಿ ಟವೆಲ್ಲಿನ ಕಂಬಿ, ಅದರ ತುದಿಯಲ್ಲಿ ಗೋಡೆಯ ಗಾರೆಯ ಚೂರು. ಬಕೆಟ್ಟಿನ ಬಿಸಿನೀರು ಹರಿದು ಹೋದ ದಾರಿಯಲ್ಲೇ ಇನ್ನೊಂದು ಪಾದ ಇತ್ತು. ಕೆಂಪಗಾಗಿತ್ತು.

"ಅತ್ತೆ."

ಕಣ್ಣು ಅರ್ಧ ತೆರೆದುಕೊಂಡಿತು. "ಬಾಗಿಲು ತಳ್ಳಬೇಡ ಕಣೆ," ಎಂಬ ಮಾತು ಗಾಳಿಯಷ್ಟು ಸಣ್ಣಗೆ ಬಂತು. "ನೋಯುತ್ತೆ."

ಬದುಕಿದ್ದಾರೆ. ಸೊಸೆ ಸ್ಟೂಲಿನ ಮೇಲೆ ನಿಂತೇ ಕೆಲಸಕ್ಕೆ ಹೋಗಿದ್ದ ನರ್ಸಕ್ಕನಿಗೆ ಫೋನು ಮಾಡಿ ಕಂಡದ್ದನ್ನೆಲ್ಲ ಹೇಳಿದಳು.

"ಆಂಬುಲೆನ್ಸಿಗೆ ನಾನು ಹೇಳ್ತೀನಿ," ಎಂದರು ನರ್ಸಕ್ಕ. ಅವರ ಧ್ವನಿ ಒಂದಿಷ್ಟೂ ಏರಲಿಲ್ಲ. "ಕೇಳ್ಸ್ಕೊ. ಎತ್ತಿ ನಿಲ್ಲಿಸೋಕೆ ಹೋಗ್ಬೇಡಿ. ಕಾಲು ಎಳೆದು ನೆಟ್ಟಗೆ ಮಾಡ್ಬೇಡಿ. ಒಣಬಟ್ಟೆ ಹೊದಿಸಿ ಬೆಚ್ಚಗಿಡಿ. ಕುಡಿಯೋಕೆ ನೀರು ಕೂಡ ಕೊಡ್ಬೇಡಿ, ಆಪರೇಷನ್ ಬೇಕಾಗ್ಬಹುದು. ಸುಟ್ಟ ಜಾಗಕ್ಕೆ ತಣ್ಣೀರು ಮಾತ್ರ ನಿಧಾನಕ್ಕೆ ಸುರೀತಾ ಇರಿ, ಬೇರೆ ಏನೂ ಹಚ್ಬೇಡಿ. ಮಾತಾಡಿಸ್ತಾ ಇರು."

ಅಷ್ಟರಲ್ಲಿ ಅಳತೆ ತೆಗೆಯಲು ಮೇಸ್ತ್ರಿ ಬಂದ. ಬಾಗಿಲು ಒಡೆಯಲು ಹೆಗಲು ಕೊಟ್ಟವನನ್ನು ಸೊಸೆ ತಡೆದಳು. "ಅವರು ಬಾಗಿಲಿಗೇ ಒರಗಿದ್ದಾರೆ." ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಗರಗಸ ತಂದು ಬಾಗಿಲಿನ ಮೇಲಿನ ಹಲಗೆಯನ್ನು ಕೊಯ್ಯತೊಡಗಿದ. ಹೊಟ್ಟು ಅತ್ತೆಯ ತಲೆಯ ಮೇಲೆ ಬೀಳುತ್ತಿತ್ತು. ಒಂದೊಂದು ಎಳೆತಕ್ಕೂ ಬಾಗಿಲು ನಡುಗುತ್ತಿತ್ತು, ಬಾಗಿಲು ನಡುಗಿದಾಗಲೆಲ್ಲ ಒಳಗಿನಿಂದ ನರಳಾಟ. ಆ ನರಳಾಟ ನಿಂತಾಗ ಸೊಸೆಗೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು.

ಹಲಗೆ ಕಳಚಿದ ಮೇಲೆ ಅವಳು ಅದರ ಸಂದಿಯಲ್ಲಿ ನುಗ್ಗಿ ಒಳಗೆ ಇಳಿದಳು. ಕಾಲಿಟ್ಟ ತಕ್ಷಣ ಅವಳ ಪಾದವೂ ಜಾರಿತು. ಗೋಡೆ ತಡವಿದಳು. ಹಿಡಿಯಲು ಏನೂ ಸಿಗಲಿಲ್ಲ. ಆ ಒಂದು ಗಳಿಗೆಯಲ್ಲಿ ಅವಳಿಗೆ ಅತ್ತೆಯ ಅಷ್ಟೂ ದಿನಗಳು ಅರ್ಥವಾದವು. ನಲ್ಲಿಯನ್ನು ಅಪ್ಪಿ ಹೇಗೋ ನಿಂತು, ಕೆಳಗೆ ಕೂತು, ಅತ್ತೆಯ ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡಳು. ಮೇಸ್ತ್ರಿ ಒಣ ಹೊದಿಕೆಯನ್ನೂ ಒಂದು ತಂಬಿಗೆ ತಣ್ಣೀರನ್ನೂ ಮೇಲಿನಿಂದ ಕೊಟ್ಟ.

"ಸೀರೆ," ಎಂದರು ಅತ್ತೆ.

"ಏನತ್ತೆ?"

"ಜನ ಬರ್ತಾರೆ. ಸೀರೆ ಸರಿಮಾಡು."

ಸೊಸೆ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದಳು. ಆಂಬುಲೆನ್ಸಿನವರು ಬಂದು ಅತ್ತೆಯನ್ನು ಚಾದರದ ಮೇಲೆ ಅಂಗುಲ ಅಂಗುಲ ಸರಿಸಿ, ಬಾಗಿಲು ಬಿಡಿಸಿ ಹೊರಗೆ ತರುವವರೆಗೆ ಅವಳು ಮಾತಾಡುತ್ತಲೇ ಇದ್ದಳು. ಏನು ಮಾತಾಡಿದೆನೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ.

ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಗಂಡ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. "ಆ ಕಪ್ಪು ಬಿಲ್ಲೆ ಹಾಕಿ, ಕಟ್ಟೆ ಕಟ್ಟಿ, ಸುತ್ತ ಗಾಜು ನಿಲ್ಲಿಸಿದ್ಮೇಲೆ ಬಿದ್ದಿದ್ರೆ?" ಎಂದು ಕೇಳಿದ. ಸೊಸೆಯೂ ಅದನ್ನೇ ನೆನೆಸಿಕೊಳ್ಳುತ್ತಿದ್ದಳು.

ಅತ್ತೆ ಚೇತರಿಸಿಕೊಳ್ಳತೊಡಗಿದ ಮೇಲೂ ಅವನ ಹೆದರಿಕೆ ಇಳಿಯಲಿಲ್ಲ. ಅದು ಬೇರೆ ದಿಕ್ಕಿಗೆ ತಿರುಗಿತು, ಅಷ್ಟೆ. "ಅಮ್ಮ ಇನ್ನು ಬಚ್ಚಲಿಗೆ ಹೋಗೋದೇ ಬೇಡ," ಎಂದ ಒಂದು ದಿನ, ಆಸ್ಪತ್ರೆಯಲ್ಲಿ ಅತ್ತೆಯ ಮಂಚದ ಪಕ್ಕದಲ್ಲೇ. "ಎಲ್ಲಾ ಹಾಸಿಗೆ ಮೇಲೇ ಆಗ್ಲಿ. ಒದ್ದೆಬಟ್ಟೇಲಿ ಮೈ ಒರೆಸಿದ್ರೆ ಆಯ್ತು. ಬಚ್ಚಲಿಗೆ ಬೀಗ ಹಾಕ್ತೀನಿ."

ಅತ್ತೆ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು.

ಮದ್ದು ಕೊಡಲು ಬಂದಿದ್ದ ನರ್ಸಕ್ಕ ಟ್ರೇ ಕೆಳಗಿಟ್ಟರು. "ಹಾಗೆ ಮಾಡಿದ್ರೆ ಇವರು ಮತ್ತೆ ಏಳೋದೇ ಇಲ್ಲ. ಮಲಗಿದಲ್ಲೇ ಇದ್ರೆ ಕಾಲಿನ ಶಕ್ತಿ ಹೋಗುತ್ತೆ, ಬೆನ್ನು ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟುತ್ತೆ. ನಡೀಬೇಕು. ಬಚ್ಚಲಿಗೆ ತಾವೇ ಹೋಗ್ಬೇಕು. ಬೀಗ ಹಾಕೋದು ಪರಿಹಾರ ಅಲ್ಲ, ಬಚ್ಚಲು ಸರಿಮಾಡೋದು ಪರಿಹಾರ."

"ಮತ್ತೆ ಬಿದ್ರೆ?"

"ಬೀಳದ ಹಾಗೆ ಕಟ್ಟಿಸಿ. ಬಿದ್ರೂ ಬೇಗ ಕೈಗೆ ಸಿಗೋ ಹಾಗೆ ಕಟ್ಟಿಸಿ."

ನರ್ಸಕ್ಕ ಹೋದ ಮೇಲೆ, ಗಂಡ ಕ್ಯಾಂಟೀನಿಗೆ ಇಳಿದ ಮೇಲೆ, ಅತ್ತೆ ಗೋಡೆಯ ಕಡೆ ನೋಡುತ್ತಲೇ ಮಾತಾಡಿದರು.

"ಇದು ಮೊದಲ ಸಲ ಅಲ್ಲ."

"ಗೊತ್ತು ಅತ್ತೆ."

"ದಿನಾ ಹೆದರಿಕೆ ಆಗ್ತಿತ್ತು. ಕಣ್ಣಿಗೆ ಸೋಪು ಹೋದ್ರೆ ಸಾಕು, ನೆಲ ಎಲ್ಲಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ನೀರು ಕುಡಿಯೋದು ಕಮ್ಮಿ ಮಾಡಿದೆ. ಕಮ್ಮಿ ಕುಡಿದ್ರೆ ಕಮ್ಮಿ ಹೋಗ್ಬಹುದಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಜೊತೇಲಿ ಒಳಗೆ ಬರ್ತೀನಿ ಅಂತಿದ್ದೆ. ಜೀವನ ಪೂರ್ತಿ ಜನರ ಮಧ್ಯೆ ನಿಂತವಳು ನಾನು. ಚಿಲಕ ಹಾಕ್ಕೊಂಡು ಒಬ್ಬಳೇ ಇರೋ ಜಾಗ ಅದೊಂದೇ ಕಣೆ ನನಗಿದ್ದದ್ದು. ಅದೂ ಹೋಗುತ್ತಲ್ಲ ಅಂತ ಹೇಳ್ಲಿಲ್ಲ."

ಸೊಸೆ ಚೀಲದಲ್ಲಿ ಕೈಯಾಡಿಸಿ ಅಳತೆಯ ಟೇಪು ತೆಗೆದಳು.

"ಕೈ ಎತ್ತಿ ಅತ್ತೆ," ಎಂದಳು.

"ಯಾಕೆ? ಈ ಅವತಾರದಲ್ಲಿ ರವಿಕೆ ಹೊಲೀತೀಯಾ?"

"ಬಚ್ಚಲು ಹೊಲೀತೀನಿ."

ಆವತ್ತು ಮತ್ತು ಮುಂದಿನ ದಿನಗಳಲ್ಲಿ, ಅತ್ತೆಯನ್ನು ಎಬ್ಬಿಸಿ ಕೂರಿಸಿದಾಗ, ವಾಕರ್ ಹಿಡಿಸಿ ನಿಲ್ಲಿಸಿದಾಗ, ಸೊಸೆ ಅಳತೆ ತೆಗೆದಳು. ಕೂತಾಗ ನೆಲದಿಂದ ಮಂಡಿಯ ಎತ್ತರ. ನಿಂತಾಗ ಮೊಣಕೈ ಎಲ್ಲಿ ಬರುತ್ತದೆ. ಕೂತಲ್ಲಿಂದ ಬಗ್ಗದೆ ಕೈ ಎಷ್ಟು ದೂರ ಚಾಚುತ್ತದೆ. ಏಳುವಾಗ ಯಾವ ಕೈ ಮೊದಲು ಆಸರೆ ಹುಡುಕುತ್ತದೆ. ವಾಕರ್ ಎಷ್ಟು ಅಗಲ. ಹಿಡಿಕಂಬಿಯ ಎತ್ತರ ಊಹೆಯಿಂದ ಹಾಕಿಸುವುದಲ್ಲ, ಬಳಸುವವರನ್ನೇ ನಿಲ್ಲಿಸಿ ನೋಡಬೇಕು ಎಂದು ನರ್ಸಕ್ಕನೂ ಹೇಳಿದ್ದರು.

ಮನೆಯಲ್ಲಿ ಅವಳು ಮುಂದಿನ ಕೋಣೆಯ ಸಾಮಾನೆಲ್ಲ ಗೋಡೆಗೆ ಸರಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆ ಹೊಸ ಬಚ್ಚಲನ್ನೇ ಬರೆದಳು. ನಿಜವಾದ ಅಳತೆಯಲ್ಲಿ. ಇದು ಬಾಗಿಲು, ಇದು ಕಮೋಡು, ಇದು ಸ್ನಾನದ ಕುರ್ಚಿ, ಇದು ನಲ್ಲಿ. ಮೇಸ್ತ್ರಿಯನ್ನೂ ಕರೆಸಿ, ಗಂಡನ ಕೈಗೆ ಒಂದು ವಾಕರ್ ಕೊಟ್ಟು, "ಈಗ ನೀವು ನಿಮ್ಮಮ್ಮ. ಒಳಗೆ ಬಂದು ಕೂತು, ಎದ್ದು, ಹೊರಗೆ ಹೋಗಿ," ಎಂದಳು.

ಗಂಡ ಒಳಗೆ ಬಂದ. ತಿರುಗಲು ಹೋಗಿ ಕಮೋಡಿನೊಳಗೇ ಕಾಲಿಟ್ಟ.

"ಅಮ್ಮ ಕಮೋಡಲ್ಲಿ ನಿಂತ್ರು," ಎಂದ ಮೇಸ್ತ್ರಿ, ನಗು ತಡೆದುಕೊಂಡು.

ಅಳಿಸಿದರು. ಕಮೋಡನ್ನು ಮೂಲೆಗೆ ಸರಿಸಿದರು. ಮತ್ತೆ ನಡೆದ. ಈ ಸಲ ತಿರುಗಲು ಜಾಗ ಸಿಕ್ಕಿತು, ಆದರೆ ಬಾಗಿಲು ಒಳಗೆ ತೆರೆದರೆ ವಾಕರಿಗೆ ಬಡಿಯುತ್ತಿತ್ತು. ಬಾಗಿಲು ಹೊರಕ್ಕೆ ತೆರೆಯಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚುವಂಥ ಚಿಲಕ ಬೇಕು ಎಂದಳು ಸೊಸೆ. ಹೊಸ್ತಿಲಿಲ್ಲದೆ ನೆಲ ಒಂದೇ ಮಟ್ಟದಲ್ಲಿ ಬಂದು, ಜಾಲರಿಯ ಕಡೆಗೆ ಮಾತ್ರ ಸಣ್ಣಗೆ ಇಳಿಯುವಂತೆ ಮಾಡುತ್ತೇನೆ ಎಂದ ಮೇಸ್ತ್ರಿ. "ಕಂಬಿ ಜಾಗ ಈಗ್ಲೇ ಹೇಳ್ಬಿಡಿ. ಬಿಲ್ಲೆ ಅಂಟಿಸೋಕೆ ಮುಂಚೆ ಗೋಡೆ ಗಟ್ಟಿ ಮಾಡ್ಬೇಕು. ಆಮೇಲೆ ಬರೀ ಬಿಲ್ಲೆಗೆ ತೂತು ಹೊಡೆದ್ರೆ ಮತ್ತೆ ಅದೇ ಕಥೆ."

ಗಂಡ ಅವಳನ್ನೂ ಕರೆದುಕೊಂಡು ಬಿಲ್ಲೆಯ ಅಂಗಡಿಗೆ ಮತ್ತೆ ಹೋದ. ಈ ಸಲ ಒಂದು ಬಾಟಲಿ ಸೋಪುನೀರು ಒಯ್ದಿದ್ದ. ಮಾದರಿ ಬಿಲ್ಲೆಗಳ ಮೇಲೆ ನೀರು ಸುರಿದು, ಚಪ್ಪಲಿ ಬಿಟ್ಟು, ಸೊಸೆಯ ಭುಜ ಹಿಡಿದು ಒಂದೊಂದರ ಮೇಲೂ ನಿಂತು ಪಾದ ಉಜ್ಜಿದ. ಅಂಗಡಿಯವನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಕಪ್ಪು ಬಿಲ್ಲೆಯ ಮೇಲೆ ಪಾದ ಬೆಣ್ಣೆಯ ಮೇಲಿಟ್ಟಂತೆ ಜಾರಿತು. ಗಂಡ ಸೊಸೆಯ ಭುಜವನ್ನು ಬಿಗಿಯಾಗಿ ಹಿಡಿದುಕೊಂಡ. ಹೊಳಪಿಲ್ಲದ, ಮುಟ್ಟಿದರೆ ಸ್ವಲ್ಪ ಒರಟಾದ ಬೂದುಬಣ್ಣದ ಬಿಲ್ಲೆ ಆರಿಸಿದರು. ಕಣ್ಣು ಮಂಜಾದವರಿಗೂ ಬೇರೆ ಬೇರೆ ಕಾಣಲಿ ಎಂದು ಬೂದು ನೆಲಕ್ಕೆ ಬಿಳಿ ಕಮೋಡು, ಬಿಳಿ ಗೋಡೆಗೆ ನೀಲಿ ಹಿಡಿಕಂಬಿ.

ಕರೆಂಟಿನ ಕೆಲಸದವನು ಬಂದು ನೀರು ಕಾಯಿಸುವ ಯಂತ್ರದ ಸ್ವಿಚ್ಚನ್ನು ಹೊರಗೆ ತಂದ. ಅರ್ಥಿಂಗ್ ಪರೀಕ್ಷಿಸಿದ. ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು ಹಾಕಿದ. ನೀರು ಮೈ ಸುಡುವಷ್ಟು ಕಾಯದಂತೆ ಯಂತ್ರದ ಬಿಸಿಯನ್ನು ಇಳಿಸಿದ. ಸ್ನಾನದ ಕುರ್ಚಿಯಿಂದಲೂ ನೆಲದಿಂದಲೂ ಕೈಗೆ ಎಟುಕುವಂತೆ ಉದ್ದ ಹಗ್ಗವಿರುವ ಒಂದು ಗಂಟೆ ಕಟ್ಟಿದರು.

ಹೊಸ ಬಚ್ಚಲು ಸಿದ್ಧವಾದ ಮೇಲೆ ಅತ್ತೆ ಮನೆಗೆ ಬಂದರು. ನರ್ಸಕ್ಕ ಮೊದಲು ಕೆಲವು ದಿನ ಜೊತೆಗಿದ್ದು ಎಲ್ಲ ಅಭ್ಯಾಸ ಮಾಡಿಸಿದರು. ಆಮೇಲೆ ಅತ್ತೆ ಒಬ್ಬರೇ ಸ್ನಾನಕ್ಕೆ ಹೋಗುವ ದಿನ ಬಂತು.

ವಾಕರ್ ಹಿಡಿದು ಬಾಗಿಲವರೆಗೆ ಬಂದವರು ಅಲ್ಲೇ ನಿಂತುಬಿಟ್ಟರು. ಬೆನ್ನಿನ ಮೇಲೆ ರವಿಕೆ ಬೆವರಿನಿಂದ ಒದ್ದೆಯಾಗಿತ್ತು. "ಕಾಲು ಏಳ್ತಿಲ್ಲ ಕಣೆ," ಎಂದರು. ಬೀದಿಗೆಲ್ಲ ಕೇಳುವಂಥ ಧ್ವನಿಯಿದ್ದ ಹೆಂಗಸು, ಪಿಸುಗುಟ್ಟಿದರು.

"ಬೇಡ ಅಂದ್ರೆ ನಾಳೆ ಮಾಡೋಣ," ಎಂದಳು ಸೊಸೆ.

ಅತ್ತೆ ಕೈ ಚಾಚಿದರು. ಬಾಗಿಲಿನ ಪಕ್ಕದಲ್ಲೇ ನೀಲಿ ಕಂಬಿ ಇತ್ತು. ಹುಡುಕಬೇಕಾಗಿರಲಿಲ್ಲ, ಕೈ ಹೋದಲ್ಲೇ ಇತ್ತು. ಹಿಡಿದು ಒಮ್ಮೆ ಜಗ್ಗಿ ನೋಡಿದರು. ಮತ್ತೆ ಜೋರಾಗಿ ಜಗ್ಗಿದರು. ಗೋಡೆ ಅಲುಗಲಿಲ್ಲ. ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಸೊಸೆ ಹೊರಗೆ ನೆಲದ ಮೇಲೆ ಕೂತಳು. ಗಂಡ ಕೆಲಸಕ್ಕೆ ಹೋಗದೆ ಅಲ್ಲೇ ನಿಂತಿದ್ದ. ಕೈಯಲ್ಲಿ ಒಂದು ನಾಣ್ಯವನ್ನು ಹಿಡಿದುಕೊಂಡೇ ಇದ್ದ. ಕುರ್ಚಿ ಸರಿದ ಸದ್ದು. ಆಮೇಲೆ ಏನೂ ಇಲ್ಲ. ಗಂಡ ಒಂದು ಹೆಜ್ಜೆ ಮುಂದಿಟ್ಟ. ಸೊಸೆ ಅವನ ಪಂಚೆಯ ಅಂಚು ಹಿಡಿದು ನಿಲ್ಲಿಸಿದಳು. ಆಮೇಲೆ ನೀರಿನ ಸದ್ದು ಬಂತು. ನಿಂತಿತು. ಮತ್ತೆ ಬಂತು.

ಬಹಳ ಹೊತ್ತಾದ ಮೇಲೆ ಬಾಗಿಲು ಹೊರಕ್ಕೆ ತೆರೆಯಿತು. ಬಾಗಿಲಿಗೆ ಅಂಟಿಕೊಂಡು ಕೂತಿದ್ದ ಸೊಸೆಯ ಮಂಡಿಗೆ ಬಡಿಯಿತು. ಅತ್ತೆ ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ನಿಂತಿದ್ದರು. ಮಗನನ್ನೂ ಸೊಸೆಯನ್ನೂ ನೋಡಿದರು.

"ಇಬ್ಬರೂ ಇಲ್ಲೇ ಠಿಕಾಣಿ ಹೂಡಿದ್ದೀರಾ? ಬೇರೆ ಕೆಲಸ ಇಲ್ವಾ ನಿಮಗೆ?" ಎಂದರು. ಧ್ವನಿ ಇನ್ನೂ ಸ್ವಲ್ಪ ನಡುಗುತ್ತಿತ್ತು. "ಒಂದು ಲೋಟ ನೀರು ಕೊಡು. ಬಾಯಾರಿಕೆ ಆಗಿದೆ."

ಸೊಸೆ ಲೋಟ ತುಂಬಿಸಿ ತಂದಳು. ಅತ್ತೆ ಪೂರ್ತಿ ಕುಡಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಬಚ್ಚಲಿಗೆ ಒಂದು ಸಲ ಹೋಗಿ. ನೆಲ ಒದ್ದೆಯಿರುವಾಗ, ಒಂದು ಕೈಯಲ್ಲಿ ತಂಬಿಗೆ ಹಿಡಿದು, ಗೋಡೆಗೆ ಹತ್ತಿರ ಗಟ್ಟಿಯಾಗಿ ನಿಂತು, ಕಣ್ಣು ಮುಚ್ಚಿ. ಇನ್ನೊಂದು ಕೈಯನ್ನು ಚಾಚಿ. ಅದಕ್ಕೆ ಏನು ಸಿಗುತ್ತದೆ? ನಲ್ಲಿಯೋ, ಟವೆಲ್ಲಿನ ಕಂಬಿಯೋ, ಬರೀ ಗಾಳಿಯೋ? ಬಾಗಿಲು ಒಳಗೆ ತೆರೆಯುತ್ತದೆಯೇ? ಒಳಗಿರುವವರು ಬಿದ್ದರೆ ನೀವು ಹೇಗೆ ಒಳಗೆ ಹೋಗುತ್ತೀರಿ?

ಹೊಸ ಬಚ್ಚಲು ಕಟ್ಟಿಸುವವರು ಬಿಲ್ಲೆಯ ಬಣ್ಣ ಆರಿಸುವುದಕ್ಕೆ ಮೊದಲು ಈ ಮಾತು ಯೋಚಿಸಿ. ಕಟ್ಟಿಸಲು ಆಗದವರು ಗಟ್ಟಿ ಗೋಡೆಗೆ ಒಂದು ಹಿಡಿಕಂಬಿಯನ್ನಾದರೂ ಹಾಕಿಸಿ, ಪಾಚಿ ಉಜ್ಜಿ, ಚಿಲಕವನ್ನು ಹೊರಗಿನಿಂದ ಬಿಚ್ಚುವಂತೆ ಬದಲಿಸಿ. ಮನೆಯ ಹಿರಿಯರನ್ನು "ನಿಮಗೆ ಹೆದರಿಕೆ ಆಗುತ್ತಾ?" ಎಂದು ಕೇಳಬೇಡಿ. ಇಲ್ಲ ಎಂದೇ ಹೇಳುತ್ತಾರೆ. "ಒಳಗೆ ಹೋದಾಗ ಎಲ್ಲಿ ಹಿಡ್ಕೋತೀರಿ?" ಎಂದು ಕೇಳಿ. ಅವರು ತೋರಿಸುವ ಜಾಗವನ್ನು ಹೋಗಿ ಅಲ್ಲಾಡಿಸಿ ನೋಡಿ. ಅಲುಗಿದರೆ, ನಾಳೆಗೆ ಬಿಡಬೇಡಿ.